ಅಜ್ಜಿಯ ಹೆಸರು ಎತ್ತು, ಪುಟ್ಟಿ

ಚಿತ್ರದುರ್ಗ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಫೋನ್ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಜ್ಜಿ ಹೋಗಿ ವರ್ಷ ಆಗುತ್ತಾ ಬಂತು, ಅಮ್ಮ ಇನ್ನೂ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ ಅಂದೆ. ಅಜ್ಜಿ ಹೆಸರು ಎತ್ತಿದರೆ ಅಳುತ್ತಾಳೆ, ಅದಕ್ಕೆ ಮನೆಯಲ್ಲಿ ಯಾರೂ ಎತ್ತುವುದಿಲ್ಲ ಅಂದೆ. ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದ ಸುದ್ದಿ ಬಂದಾಗ ನೀನೇ ಎದ್ದು ಟಿವಿ ಆರಿಸಿದೆಯಂತೆ. ಅಮ್ಮನ ಮೇಲಿನ ಪ್ರೀತಿಯಿಂದಲೇ ಮಾಡಿದ್ದೀಯ, ಗೊತ್ತು. ಆದರೆ ಅದು ಬೇಡ ಕಂದ.

ಆ ಕೆರೆ ಅಂದರೆ ನಮ್ಮವ್ವನಿಗೆ, ಅಂದರೆ ನಿನ್ನ ಅಜ್ಜಿಗೆ, ಏನು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ನಾವು ಅದನ್ನು ಮಾರಿಕಣಿವೆ ಅಂತಲೇ ಕರೆಯುವುದು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. ಅವ್ವನ ತವರು ಅದರ ಹತ್ತಿರದ ಹಳ್ಳಿ. ಅದು ಕೋಡಿ ಬಿದ್ದ 1933ರಲ್ಲೇ ಅವ್ವ ಹುಟ್ಟಿದ್ದು. ವಯಸ್ಸು ಕೇಳಿದರೆ "ಕೋಡಿ ಬಿದ್ದ ವರ್ಷದವಳು ನಾನು" ಅನ್ನುತ್ತಿದ್ದಳು. ಆಮೇಲೆ 89 ವರ್ಷ ಆ ಕೆರೆ ಕೋಡಿ ಬೀಳಲೇ ಇಲ್ಲ. ಎಷ್ಟೋ ಬೇಸಿಗೆಯಲ್ಲಿ ನೀರು ತಳ ಸೇರಿದ್ದನ್ನು ನಾನೇ ನೋಡಿದ್ದೇನೆ.

2022ರಲ್ಲಿ ಮಳೆ ಜೋರಾಯಿತು, ಭದ್ರೆಯ ನೀರೂ ಬಂದು ಸೇರಿತು. ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ಜಾತ್ರೆಯಷ್ಟು ಜನ. ನೀರು ಧುಮುಕುವುದನ್ನು ನೋಡಿ ಅವ್ವ ಚಿಕ್ಕ ಹುಡುಗಿ ಹಾಗೆ ಚಪ್ಪಾಳೆ ತಟ್ಟಿದಳು. ಯಾರೋ ಹೆಂಗಸು "ಮುತ್ತೈದೆಯರು ಬಾಗಿನ ಬಿಡಲಿ, ಅಜ್ಜಿ ಸ್ವಲ್ಪ ಹಿಂದೆ ಇರಲಿ" ಅಂದರು. ನನಗೆ ಮೈ ಉರಿಯಿತು. ಅವ್ವ ನನ್ನ ಕೈ ಒತ್ತಿ ಸುಮ್ಮನಿರಿಸಿದಳು. ಮಡಿಲಿನಿಂದ ಒಂದು ಹಿಡಿ ಸೇವಂತಿಗೆ ತೆಗೆದು ನೀರಿಗೆ ಎಸೆದಳು. "ಇವಳು ನನ್ನ ವಾರಿಗೆಯವಳು. ಇವಳಿಗೆ ಹೂವು ಕೊಡೋಕೆ ನಂಗ್ಯಾರ ಅಪ್ಪಣೆ ಬೇಕು?" ಅಂದಳು. ಆ ಹೆಂಗಸೂ ನಕ್ಕುಬಿಟ್ಟರು.

ಅವ್ವನ ನಗು ಹುಟ್ಟಿನಿಂದ ಬಂದದ್ದು ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ ಪುಟ್ಟಿ. ನಮ್ಮಪ್ಪ ಹೋದಾಗ ಅವಳಿಗೆ ಮೂವತ್ತಮೂರು, ನನಗೆ ಎಂಟು, ನಿಮ್ಮಮ್ಮನಿಗೆ ಐದು. ಆಗ ಚಳ್ಳಕೆರೆಯಲ್ಲಿದ್ದೆವು. ಎಣ್ಣೆ ಮಿಲ್ಲುಗಳ ಊರು. ಅವ್ವ ಶೇಂಗಾ ಸುಲಿಯುವ ಕೂಲಿ ಹಿಡಿದಳು, ಮೂಟೆ ಮನೆಗೇ ಬರುತ್ತಿತ್ತು. ರಾತ್ರಿ ಬುಡ್ಡಿ ದೀಪದಲ್ಲಿ ಮೂವರೂ ಸುಲಿಯಲು ಕೂರುತ್ತಿದ್ದೆವು. ಬೆರಳ ತುದಿ ಉರಿಯುತ್ತಿತ್ತು. ನಿದ್ದೆಗೆ ತೂಗಿದರೆ ಅವ್ವ ಒಗಟು ಹಾಕುತ್ತಿದ್ದಳು. "ಕಿಟಕಿ ಇಲ್ಲ, ಬಾಗಿಲಿಲ್ಲ, ಒಳಗೆ ಅಕ್ಕ ತಂಗಿ ತಬ್ಬಿ ಮಲಗವ್ರೆ. ಏನು ಹೇಳ್ರೇ?" ಉತ್ತರ ನಮ್ಮ ಕೈಯಲ್ಲೇ ಇರುತ್ತಿತ್ತು. ಆದರೂ ನಿಮ್ಮಮ್ಮ ದಿನಾ ತಪ್ಪು ಹೇಳುತ್ತಿದ್ದಳು. ಅವ್ವ ನಗಲಿ ಅಂತ ಬೇಕಂತಲೇ ತಪ್ಪು ಹೇಳುತ್ತಿದ್ದಳು ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ಅವ್ವ ಆರಿದ ಒಲೆ ಮುಂದೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ದೊಡ್ಡವಳಾದ ಮೇಲೆ ಕೇಳಿದೆ. "ನಿಮ್ಮೆದುರು ಅತ್ತಿದ್ರೆ ನೀವೂ ಅಳ್ತಿದ್ರಿ. ಮೂರು ಜನಾನ ಸಮಾಧಾನ ಮಾಡೋರು ಯಾರಿದ್ರು?" ಅಂದಳು. ಅಷ್ಟೇ ಹೇಳಿ ಅಕ್ಕಿ ಆರಿಸಲು ಕೂತಳು.

ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ಹಿಂದೆ ಒಮ್ಮೆ ನಮ್ಮ ಪಕ್ಕದ ಮನೆಯ ಹುಡುಗ ಬಾವಿಗೆ ಬಿದ್ದು ತೀರಿಕೊಂಡ. ಓಣಿಯವರೆಲ್ಲ ಅವನ ತಾಯಿಯ ಎದುರು ಅವನ ಹೆಸರೇ ಎತ್ತುತ್ತಿರಲಿಲ್ಲ, ಈಗ ನೀವು ಮಾಡುತ್ತಿರುವ ಹಾಗೆ. ಅವಳು ಅನ್ನ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದಳು. ಅವ್ವ ಹೋಗಿ ಪಕ್ಕದಲ್ಲಿ ಕೂತಳು. "ನಿನ್ನ ಮಗ ನಮ್ಮ ಹುಣಸೇಮರ ಹತ್ತಿ ನಂಗೇ ಹಂಚಿನ ಚೂರಿಂದ ಹೊಡೆದಿದ್ದ ಗೊತ್ತಾ? ಎಂಥ ಗುರಿ ಅವನದು!" ಅಂದಳು. ಆ ತಾಯಿ ಜೋರಾಗಿ ಅತ್ತಳು. ಅವ್ವ ಅವಳನ್ನು ಅಳಲು ಬಿಟ್ಟಳು. ಆಮೇಲೆ ಆ ತಾಯಿಯೇ ಮಗನ ತುಂಟತನ ಹೇಳಲು ಶುರು ಮಾಡಿದಳು. ಅವತ್ತು ರಾತ್ರಿ ಅವ್ವನ ಕೈಯಿಂದ ಎರಡು ತುತ್ತು ಮುದ್ದೆ ನುಂಗಿದಳು.

ನಿಮ್ಮಮ್ಮ ಅಳಲಿ. ಅಳು ಬಂದರೆ ಓಡಿಹೋಗಬೇಡ, ಪಕ್ಕದಲ್ಲೇ ಕೂತಿರು. ಸುಮ್ನೆ "ಅಳಬೇಡ" ಅನ್ನಬೇಡ. ಈ ಭಾನುವಾರ ಒಂದು ಸೇರು ಶೇಂಗಾಕಾಯಿ ತಂದು ಅವಳ ಮುಂದೆ ಸುರಿ. ನೀನೂ ಸುಲಿಯಲು ಕೂರು. ಆ ಒಗಟು ಕೇಳು. ಅವಳು ಏನು ಉತ್ತರ ಹೇಳಿದಳು ಅಂತ ನನಗೆ ಫೋನ್ ಮಾಡಿ ಹೇಳಬೇಕು, ಮರೆಯಬೇಡ.

ಇನ್ನೊಂದು. ವರ್ಷದ ಕಾರ್ಯ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬಾ. ದಾವಣಗೆರೆಯಿಂದ ದುರ್ಗಕ್ಕೆ ಬಸ್ಸು ಬೇಕಾದಷ್ಟಿವೆ. ಇಲ್ಲಿಂದ ಮೂವರೂ ಹಿರಿಯೂರಿಗೆ ಹೋಗಿ, ಅಲ್ಲಿಂದ ಆಟೋ ಮಾಡಿಕೊಂಡು ಮಾರಿಕಣಿವೆಗೆ ಹೋಗೋಣ. ಕಣಿವೆ ಮಾರಮ್ಮನಿಗೆ ಕೈಮುಗಿದು ಕಟ್ಟೆ ಮೇಲೆ ಕೂರೋಣ. ಸೇವಂತಿಗೆ ನಾನು ತರುತ್ತೇನೆ. ನೀನು ದಾವಣಗೆರೆ ಮಂಡಕ್ಕಿ ತಾ, ಜಾಸ್ತಿನೇ ತಾ. ಮಂಡಕ್ಕಿ ಇಲ್ಲದೆ ಬಂದ ದಾವಣಗೆರೆಯವರನ್ನು ಅವ್ವ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು, ಅಲ್ವಾ?

ನಿನ್ನ ದೊಡ್ಡಮ್ಮ