ಗೋದಾಮಿಗೆ ಮಾಲು ತುಂಬುವ ಮೊದಲು

ತುಮಕೂರು

ಚಿ. ಮಂಜುನಾಥನಿಗೆ ಆಶೀರ್ವಾದಗಳು.

ತಿಪಟೂರಿನಲ್ಲಿ ಕೊಬ್ಬರಿ ಗೋದಾಮು ಬಾಡಿಗೆಗೆ ಹಿಡಿದಿರುವುದನ್ನು ನಿನ್ನ ಅಮ್ಮ ಹೇಳಿದಳು. ಬಹಳ ಸಂತೋಷವಾಯಿತು. ಎಂಟು ಕ್ಯಾಮೆರಾಗಳಿಗೆ ದರಪಟ್ಟಿ ತರಿಸಿದ್ದೀಯಂತೆ. ಮುಂಗಡ ಕೊಡುವುದನ್ನು ಸ್ವಲ್ಪ ತಡೆ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ಹಿಡಿದು ನಿಲ್ಲಿಸುವುದಿಲ್ಲ. ಮೊದಲು ಅವನನ್ನು ಹೊರಗೇ ತಡೆಯುವ ಕೆಲಸಕ್ಕೆ ದುಡ್ಡು ಹಾಕು.

ಉಂಡೆ ಕೊಬ್ಬರಿಗೆ 2025ರ ಹಂಗಾಮಿನ ಬೆಂಬಲ ಬೆಲೆಯೇ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ಮಾರುಕಟ್ಟೆಯಲ್ಲಿ ಅದರ ಎರಡು ಪಟ್ಟು ದಾಟಿತು. ಬೇರೆ ಚೀಲಕ್ಕೆ ಸುರಿದರೆ ಯಾರ ಮಾಲೆಂದು ಗುರುತಿಸುವುದಕ್ಕೂ ಆಗದು. ಹೀಗಾಗಿ ನಿನ್ನ ಸರಕಿನ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ ಎಂದುಕೊಂಡೇ ಹೊರಡು. ಸುತ್ತಮುತ್ತ ಈಚೆಗೆ ಎಲ್ಲೆಲ್ಲಿ ಕಳವಾಗಿದೆ, ಯಾವ ಹೊತ್ತಿನಲ್ಲಿ, ಹೇಗೆ ನುಗ್ಗಿದರು ಎಂದು ಅಕ್ಕಪಕ್ಕದ ವರ್ತಕರನ್ನೂ ಬೀಟ್ ಪೊಲೀಸರನ್ನೂ ಕೇಳು. ಕತ್ತಲಾದ ಮೇಲೆ ಗೋದಾಮನ್ನು ಒಂದು ಸುತ್ತು ಹಾಕಿ, ಒಳಗೆ ನುಗ್ಗಲು ಎಷ್ಟು ಹೊತ್ತು ಬೇಕಾದೀತೆಂದು ಲೆಕ್ಕ ಹಾಕು. 112ಕ್ಕೆ ಕರೆ ಹೋಗಿ ಪೊಲೀಸರು ಬರುವ ತನಕ ಕಳ್ಳ ಹೊರಗೇ ಒದ್ದಾಡುವಂತಿರಬೇಕು.

ಶಟರ್‌ನ ಎರಡು ತುದಿಗೆ ಬೀಗ ಜಡಿದು ನಿಶ್ಚಿಂತೆಯಾಗಿ ಮಲಗುವವರೇ ಹೆಚ್ಚು. ನಡುವೆ ಜಾಕ್ ಕೊಟ್ಟು ಎತ್ತಿದರೆ ಪಟ್ಟಿ ಬಾಗಿ ಒಬ್ಬ ನುಸುಳುವಷ್ಟು ಸಂದಿಯಾಗುತ್ತದೆ. ನಡುವೆಯೂ ನೆಲಕ್ಕೆ ಬೀಗ ಇರಲಿ. ಬೀಗದ ಕೊಂಡಿ ಕಟ್ಟರ್‌ಗೆ ಸಿಗದಂತೆ ಮರೆಯಲ್ಲಿರಲಿ. ಶೀಟಿನ ಚಾವಣಿ ಇನ್ನೂ ಅಪಾಯ: ಮೇಲೆ ಹತ್ತಿದವನು ಸ್ಪ್ಯಾನರ್ ಹಿಡಿದು ಸದ್ದಿಲ್ಲದೆ ಬೋಲ್ಟ್ ಬಿಚ್ಚುತ್ತಾನೆ. ಒಳಗಡೆಯಿಂದ ಕಬ್ಬಿಣದ ಜಾಲರಿ ವೆಲ್ಡ್ ಮಾಡಿಸು, ಹಿಂಗೋಡೆಗೆ ಒರಗಿಸಿಟ್ಟ ಏಣಿಯನ್ನು ಒಳಗೆ ಹಾಕಿಸು. ಖರ್ಚಿನಲ್ಲಿ ಕಟ್ಟಡದ ಮಾಲೀಕರ ಪಾಲೆಷ್ಟೆಂದು ಈಗಲೇ ಕರಾರುಪತ್ರದಲ್ಲಿ ಬರೆಸು. ಆಮೇಲೆ ಯಾರೂ ಕೊಡುವುದಿಲ್ಲ.

ಏಜೆನ್ಸಿಯಿಂದ ಕಾವಲುಗಾರನನ್ನು ತೆಗೆದುಕೊಳ್ಳುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಅವರಿಗೆ ಪರವಾನಗಿ ಇದೆಯೇ ನೋಡು. ಆದರೆ ಯಾವ ಕಾರಣಕ್ಕೂ ಅವನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಬೇಡ. ಕೊಬ್ಬರಿಗೆ ಬೆಂಕಿ ತಗುಲಿದರೆ ಎಣ್ಣೆಗೆ ಧಗಧಗನೆ ಉರಿಯುತ್ತದೆ. ನೂರು ಚೀಲ ಹೋದರೂ ಹೋಗಲಿ, ಒಂದು ಜೀವಕ್ಕೆ ಏನೂ ಆಗಬಾರದು.

ಕ್ಯಾಮೆರಾ ಇದೆಲ್ಲ ಆದ ಮೇಲೆ. ಬಾಗಿಲಿಗೆ, ತೂಕದ ಯಂತ್ರಕ್ಕೆ, ಲಾರಿ ನಿಲ್ಲುವ ಕಡೆಗೆ ಒಂದೊಂದು ಸಾಕು. ಬಾಗಿಲಿನದನ್ನು ಮುಖ ಕಾಣುವ ಎತ್ತರದಲ್ಲಿ ಹಾಕಿಸು, ಬಹಳ ಮೇಲಿಟ್ಟರೆ ಟೋಪಿಯಷ್ಟೇ ಕಾಣುತ್ತದೆ. ಕ್ಯಾಮೆರಾ ಕಂಡದ್ದನ್ನೆಲ್ಲ ದಾಖಲಿಸಿಡುವ ಡಿವಿಆರ್ ಪೆಟ್ಟಿಗೆ ಮೇಜಿನ ಮೇಲಿದ್ದರೆ ಹೋಗುವಾಗ ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ಬೀಗವಿರುವ ಕಡೆ ಅಡಗಿಸಿಡು.

ಹಮಾಲರನ್ನು ಅನುಮಾನದಿಂದ ನೋಡಬೇಡಪ್ಪ. ನಿನ್ನ ವ್ಯಾಪಾರ ನಿಲ್ಲುವುದು ಅವರ ಬೆನ್ನ ಮೇಲೆ. ಬಂದ ಚೀಲ, ಹೋದ ಚೀಲ, ತೂಕ ಅಂದಂದೇ ಪುಸ್ತಕಕ್ಕೇರಲಿ. ಯಾವ ಕೀಲಿ ಯಾರ ಬಳಿ ಇದೆ ಎಂಬುದನ್ನೂ ಬರೆದಿಡು. ಆಗ ತಪ್ಪು ಮಾಡದವನ ಕಡೆ ಬೆರಳು ತೋರಿಸುವ ಪ್ರಸಂಗ ಬರುವುದಿಲ್ಲ.

ಕಳವಿನ ವಿಮೆಯ ಷರತ್ತುಗಳನ್ನು ಓದದೆ ಸಹಿ ಹಾಕಬೇಡ. ಸಾಮಾನ್ಯವಾಗಿ ಬಾಗಿಲನ್ನೋ ಗೋಡೆಯನ್ನೋ ಒಡೆದು ನುಗ್ಗಿದ ಗುರುತಿದ್ದರೆ ಮಾತ್ರ ಪರಿಹಾರ. ಕೆಲಸದವರೇ ಕೀಲಿ ತೆಗೆದು ಒಯ್ದದ್ದು ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಪಾಲಿಸಿಯ ಕರಡು ಬಂದ ಕೂಡಲೇ ನನಗೆ ಕಳುಹಿಸು, ಸಾಲು ಸಾಲಾಗಿ ಓದಿ ಹೇಳುತ್ತೇನೆ.

ಇಂತಿ,
ನಿನ್ನ ಸೋದರಮಾವ