ಔಷಧ ದುಬಾರಿ: ದರ ಮಿತಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಔಷಧಗಳ ಬೆಲೆ ಏರಿದಾಗಲೆಲ್ಲ ‘ಗರಿಷ್ಠ ದರ ನಿಗದಿ ಮಾಡಿ’ ಎಂಬ ಕೂಗು ಏಳುತ್ತದೆ. ದರ ಮಿತಿ ಬೇಕು, ನಿಜ. ಆದರೆ ಒಂದು ಔಷಧದ 500 ಮಿ.ಗ್ರಾಂ. ಮಾತ್ರೆಗೆ ಮಿತಿ ಹಾಕಿದರೆ, ಅದಕ್ಕೇ ಇನ್ನೊಂದು ಔಷಧ ಬೆರೆಸಿದ ಮಾತ್ರೆ ಮಿತಿಯಿಂದ ತಪ್ಪಿಸಿಕೊಂಡು ಅಂಗಡಿಗೆ ಬರಬಹುದು. ಪ್ರಚಾರವೆಲ್ಲ ಅದರತ್ತ ತಿರುಗುತ್ತದೆ. ಸರ್ಕಾರವೇ ದೊಡ್ಡ ಗಿರಾಕಿಯಾಗಿ ಸಗಟು ಖರೀದಿಗೆ ನಿಂತಾಗ ಬೆಲೆ ಜಗ್ಗುತ್ತದೆ. ನ್ಯೂಜಿಲೆಂಡ್‌ನಲ್ಲಿ 1993ರಲ್ಲಿ ಶುರುವಾದ ಸರ್ಕಾರಿ ಔಷಧ ಖರೀದಿ ಸಂಸ್ಥೆ ಫಾರ್ಮ್ಯಾಕ್, ತಮಿಳುನಾಡಿನಲ್ಲಿ 1990ರ ದಶಕದ ಮಧ್ಯದಿಂದ ನಡೆದಿರುವ ವೈದ್ಯಕೀಯ ಸೇವಾ ನಿಗಮ ಎರಡೂ ಹಿಡಿದದ್ದು ಈ ದಾರಿಯನ್ನೇ.

ಇಂಥ ಖರೀದಿ ಮೊದಲು ಎಡವುವುದು ಅಂದಾಜಿನಲ್ಲಿ. ಆಸ್ಪತ್ರೆಯೊಂದು ವರ್ಷದಲ್ಲಿ 9,000 ಮಾತ್ರೆ ವಿತರಿಸಿದೆ ಎನ್ನಿ. ಗುಮಾಸ್ತರು 12ರಿಂದ ಭಾಗಿಸಿ ತಿಂಗಳಿಗೆ 750 ಎಂದು ಬರೆಯುತ್ತಾರೆ. ಆದರೆ ಆ ವರ್ಷ ಮೂರು ತಿಂಗಳು ದಾಸ್ತಾನೇ ಇರಲಿಲ್ಲ. ಮಾತ್ರೆ ಇದ್ದ 9 ತಿಂಗಳ ಲೆಕ್ಕ ಹಿಡಿದರೆ ತಿಂಗಳ ಬಳಕೆ 1,000. 750ರಂತೆ ತರಿಸಿದ್ದು ಮುಂದಿನ ವರ್ಷವೂ ಒಂಬತ್ತೇ ತಿಂಗಳಿಗೆ ಮುಗಿಯುತ್ತದೆ. ಉಳಿದ ಮೂರು ತಿಂಗಳು ತುರ್ತು ಖರೀದಿ, ಅದೂ ಚಿಲ್ಲರೆ ದರದಲ್ಲಿ. ಟೆಂಡರಿನಲ್ಲಿ ಉಳಿಸಿದ್ದೆಲ್ಲ ಅಲ್ಲಿ ಕರಗುತ್ತದೆ. ಬೇಡಿಕೆ ಪಟ್ಟಿಯಲ್ಲಿ ದಾಸ್ತಾನು ಖಾಲಿಯಿದ್ದ ದಿನಗಳಿಗೊಂದು ಕಾಲಂ ಇರಲೇಬೇಕು. ಸರಕು ಬರಲು ನಾಲ್ಕು ತಿಂಗಳು ಹಿಡಿಯುವುದಾದರೆ, ಎರಡು ತಿಂಗಳ ಆಪತ್ಕಾಲದ ದಾಸ್ತಾನೂ ಸೇರಿ, ಕೈಯಲ್ಲಿರುವುದೂ ಬರಬೇಕಾದದ್ದೂ ಕೂಡಿ 6,000ಕ್ಕೆ ಇಳಿದ ಕೂಡಲೇ ಹೊಸ ಆದೇಶ ಹೊರಡಬೇಕು.

ಟೆಂಡರನ್ನು ಕಂಪನಿಯ ಬ್ರ್ಯಾಂಡ್ ಹೆಸರಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲೇ (ಜೆನೆರಿಕ್) ಕರೆಯಬೇಕು. ಅತಿ ಕಡಿಮೆ ದರ ಕೂಗಿದವರಿಗೇ ಪೂರ್ತಿ ಗುತ್ತಿಗೆ ಕೊಟ್ಟರೆ ಈ ಸಲ ಅಗ್ಗ. ಆದರೆ ಸೋತವರು ತಯಾರಿಕೆಯನ್ನೇ ನಿಲ್ಲಿಸಿದರೆ, ಗೆದ್ದ ಕಾರ್ಖಾನೆಗೆ ಕಚ್ಚಾವಸ್ತು ಸಿಗದ ದಿನ ಕೇಳಲು ಇನ್ನೊಬ್ಬರಿರುವುದಿಲ್ಲ. ಆದ್ದರಿಂದ ಶೇ 60–70 ಭಾಗ ಮೊದಲನೆಯವರಿಗೆ, ಉಳಿದದ್ದು ಅದೇ ದರಕ್ಕೆ ಒಪ್ಪುವ ಎರಡನೆಯವರಿಗೆ ಕೊಡುವುದು ಲೇಸು. ಪ್ರತಿ ಬ್ಯಾಚಿನ ಮಾದರಿಯೂ ಕಂಪನಿಯ ಹೆಸರು ಮರೆಮಾಡಿ, ಸಂಕೇತ ಸಂಖ್ಯೆ ಹಚ್ಚಿಕೊಂಡು ಪ್ರಯೋಗಾಲಯಕ್ಕೆ ಹೋಗಬೇಕು. ವರದಿ ಬರುವ ಮುನ್ನ ಒಂದು ಸ್ಟ್ರಿಪ್ ಕೂಡ ಉಗ್ರಾಣದಿಂದ ಆಚೆ ಬರಕೂಡದು.

ಪೇಟೆಂಟ್ ಇರುವ ಔಷಧದ ಕಥೆ ಬೇರೆ. ಮಾರುವವರು ಒಬ್ಬರೇ ಇರುವಾಗ ಟೆಂಡರ್ ಬರೀ ಶಾಸ್ತ್ರಕ್ಕೆ. ಅಲ್ಲಿ ಚೌಕಾಸಿಯೇ ಗತಿ, ಅದಕ್ಕೆ ಕಾನೂನಿನ ಬಲವೂ ಬೇಕು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಔಷಧ ಕಂಪನಿಗಳ ಜತೆ ದರ ಮಾತಾಡದಂತೆ 2003ರ ಕಾನೂನೇ ಕೈಕಟ್ಟಿತ್ತು. 2022ರಲ್ಲಿ ಕಟ್ಟು ಸಡಿಲಿಸಿದ ಮೇಲೂ ಮೊದಲ 10 ಔಷಧಗಳ ಹೊಸ ದರ ಜಾರಿಯ ದಿನ 2026ರ ಜನವರಿಗೆ ಹೋಯಿತು.

ಇನ್ನು ಹಣ ಪಾವತಿ. ಬಿಲ್ಲು ಎಂಟು ತಿಂಗಳು ಕೊಳೆಯುತ್ತದೆಂದು ಗೊತ್ತಿರುವ ಕಂಪನಿ ಆ ಬಡ್ಡಿಯನ್ನು ಮೊದಲೇ ದರದೊಳಗೆ ಸೇರಿಸಿರುತ್ತದೆ. ಸಣ್ಣ ತಯಾರಕರು ಟೆಂಡರಿನ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಖರೀದಿ ದರ, ಪ್ರಮಾಣ, ಸರಕು ಬಂದ ದಿನ, ಹಣ ಸಂದಾಯವಾದ ದಿನ ಈ ನಾಲ್ಕನ್ನೂ ಔಷಧವಾರು ಪ್ರಕಟಿಸಲಿ. ಮೊದಲ ಮೂರಕ್ಕೆ ಯಾರದ್ದೂ ತಕರಾರಿರಲಾರದು. ನಾಲ್ಕನೆಯದಕ್ಕೆ ಮಾತ್ರ ಖಜಾನೆಯ ಒಪ್ಪಿಗೆ ಬೇಕಾದೀತು.