ಸವಾನಾದಿಂದ ದೋಸ್ತನಿಗೆ

ದೋಸ್ತ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕಿ ಮಾತು ತಿರುಗಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರ ಕಣ್ಣಿಗೂ ಬೀಳುವಂತೆ ಹಾಕಿದ್ದೂ ಅದಕ್ಕೇ. ನಾಲ್ಕು ಜನ ಓದಿದ ಮೇಲೆ ಉತ್ತರ ಕೊಡದೆ ನುಣುಚಿಕೊಳ್ಳೋಕಾಗಲ್ಲ. (ಹಾಸ್ಟೆಲ್ಲಿನವರು ಯಾರಾದರೂ ಓದುತ್ತಿದ್ದರೆ: ಹೌದು, ಛತ್ರಿಯವನೇ.)

ಅಟ್ಲಾಂಟಾದಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಸವಾನಾಕ್ಕೆ ಹೋಗಿದ್ದೆವು. 1733ರಲ್ಲಿ ಕಟ್ಟಿದ, ಅಮೆರಿಕದ ಜಾರ್ಜಿಯಾ ರಾಜ್ಯದ ಅತಿ ಹಳೆಯ ಊರು. ಅಲ್ಲಿಗೆ ಬಂದವರು ದುಡ್ಡು ಕೊಟ್ಟು ಸ್ಮಶಾನ ನೋಡುತ್ತಾರೆ. ಗೈಡ್ ಮುಂದೆ, ನಾವು ಹಿಂದೆ, ಗೋರಿಯಿಂದ ಗೋರಿಗೆ ನಡಿಗೆ. ಊರ ನಡುವಿನ ಕಲೋನಿಯಲ್ ಪಾರ್ಕ್‌ನಲ್ಲಿ 1750ರಿಂದ 1853ರವರೆಗೆ ಹೂಳುತ್ತಿದ್ದರಂತೆ. 1820ರ ಹಳದಿ ಜ್ವರಕ್ಕೆ ಬಲಿಯಾದ ಸುಮಾರು 700 ಜನರ ನೆನಪಿಗೆ ಅಲ್ಲೊಂದು ಫಲಕವಿದೆ.

ಊರಾಚೆ, ವಿಲ್ಮಿಂಗ್ಟನ್ ನದಿಯ ದಂಡೆಯಲ್ಲಿ ಬೋನಾವೆಂಚರ್ ಎಂಬ ಇನ್ನೊಂದು ಸ್ಮಶಾನ. ಹಿಂದೆ ಜಮೀನ್ದಾರರ ತೋಟವಾಗಿದ್ದ ಜಾಗ. ಓಕ್ ಮರಗಳ ಕೊಂಬೆಕೊಂಬೆಯಿಂದ ಸ್ಪ್ಯಾನಿಷ್ ಮಾಸ್ ಎಂಬ ಸಸ್ಯ ಎಣ್ಣೆ ಕಾಣದ ನರೆಗೂದಲಿನ ಹಾಗೆ ಇಳಿಬಿದ್ದಿದೆ. ಅಲ್ಲಿ ಎಲ್ಲರೂ ನಿಲ್ಲುವುದು ಗ್ರೇಸಿ ವಾಟ್ಸನ್ ಮುಂದೆ. 1889ರಲ್ಲಿ, ಆರು ವರ್ಷಕ್ಕೇ ನ್ಯುಮೋನಿಯಾದಿಂದ ಹೋದ ಹುಡುಗಿ. ಅಪ್ಪ ಪುಲಾಸ್ಕಿ ಹೌಸ್ ಎಂಬ ಹೋಟೆಲಿನ ಮ್ಯಾನೇಜರ್. ಜಾನ್ ವಾಲ್ಜ್ ಎಂಬ ಶಿಲ್ಪಿ ಫೋಟೊ ನೋಡಿಕೊಂಡು ಅವಳನ್ನು ಅಮೃತಶಿಲೆಯಲ್ಲಿ ಕೆತ್ತಿದ. ಅಪ್ಪ ಅಮ್ಮ ಆಮೇಲೆ ಊರು ಬಿಟ್ಟರು, ಮಗಳು ಅಲ್ಲೇ ಉಳಿದಳು. ಈಗ ಯಾರ್ಯಾರೋ ಬಂದು ಬೇಲಿಯ ಹತ್ತಿರ ಆಟಿಕೆ ಇಟ್ಟು ಹೋಗುತ್ತಾರೆ. ಕುಲವಿಲ್ಲ, ಬಳಗವಿಲ್ಲ, ಹೆಸರು ಹಿಡಿದು ಕರೆಯುತ್ತಾರೆ ದೋಸ್ತ.

ಮರುದಿನ ಊರೊಳಗೆ ಟೇಲರ್ ಸ್ಕ್ವೇರ್‌ಗೆ ಹೋದೆವು. ಹುಲ್ಲು, ಮರ, ಬೆಂಚು, ಒಂದೂ ಗೋರಿಯಿಲ್ಲ. ಆದರೆ ಆ ನೆಲದಡಿ ಇರುವುದೂ ಸ್ಮಶಾನವೇ, ಗುಲಾಮರನ್ನು ಹೂಳುತ್ತಿದ್ದ ಜಾಗ. ಅದರ ಮೇಲೆ 1851ರಲ್ಲಿ ಚೌಕ ಮಾಡಿ, ಗುಲಾಮಗಿರಿಯನ್ನು ಜೀವಮಾನವಿಡೀ ಸಮರ್ಥಿಸಿದ ಜಾನ್ ಕ್ಯಾಲ್‌ಹೂನ್‌ನ ಹೆಸರನ್ನೇ ಇಟ್ಟರು. ಕೆಳಗೆ ಮಲಗಿದವರ ಮೇಲೆ ಅವನ ಹೆಸರು! 2023ರಲ್ಲಿ ಅದನ್ನು ಬದಲಿಸಿ ಸೂಸಿ ಕಿಂಗ್ ಟೇಲರ್ ಹೆಸರಿಟ್ಟಿದ್ದಾರೆ. ಆಕೆ 1848ರಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. ಕಪ್ಪು ಮಕ್ಕಳಿಗೆ ಓದು ಕಲಿಸುವುದು ಅಪರಾಧವಾಗಿದ್ದ ಇದೇ ಊರಿನಲ್ಲಿ ಕದ್ದುಮುಚ್ಚಿ ಅಕ್ಷರ ಕಲಿತು, ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರಿಗೆ ಓದು ಬರಹ ಕಲಿಸಿ, ಗಾಯಾಳುಗಳ ಶುಶ್ರೂಷೆಗೆ ನಿಂತವಳು. ಅಂಥವಳು 1912ರಲ್ಲಿ ಬಾಸ್ಟನ್‌ನಲ್ಲಿ ತೀರಿಕೊಂಡರೆ, ಅವಳ ಸಮಾಧಿಗೂ ಬಹುಕಾಲ ಹೆಸರಿನ ಕಲ್ಲಿರಲಿಲ್ಲ.

ಆ ಹುಲ್ಲಿನ ಮೇಲೆ ಕಾಲಿಡಲು ಮನಸ್ಸಾಗಲಿಲ್ಲ, ಅಂಚಿನಲ್ಲೇ ನಿಂತೆ. ಆಗ ಅಮ್ಮ ನೆನಪಾದಳು.

ಎರಡೂ ಒಂದೇ ಅಂತ ಹೇಳುತ್ತಿಲ್ಲ. ಆ ಜನರಿಂದ ಹೆಸರನ್ನೇ ಕಿತ್ತುಕೊಂಡರು. ಅಮ್ಮನನ್ನು ನಾವು ಸಕಲ ಶಾಸ್ತ್ರದಿಂದ ಕಳಿಸಿಕೊಟ್ಟೆವು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟಾಗ ಹಿಂತಿರುಗಿ ನೋಡಬಾರದು ಅಂದರು, ನೋಡಲಿಲ್ಲ. ಆದರೆ ಈಗ ಊರಿಗೆ ಬಂದರೆ ಹೋಗಿ ಕೂರಲು ಒಂದು ಜಾಗ ಇಲ್ಲ ಕಣೋ. ಮನೆ ಮಾರಿದ್ದಾಯಿತು. ಅವಳ ಹೆಸರು ಬರೆದಿರುವ ವಸ್ತು ಅಂತ ನನ್ನ ಹತ್ತಿರ ಉಳಿದಿರುವುದು ಒಂದು ಬ್ಯಾಂಕಿನ ಪಾಸ್‌ಬುಕ್ಕು. ತಿಥಿಯ ದಿನ ಹೆಸರು, ಗೋತ್ರ ನಾನು ಹೇಳುತ್ತೇನೆ. ನನ್ನ ನಂತರ ಮಗಳು ಹೇಳುತ್ತಾಳೋ?

ನಿಮ್ಮ ಹೊಲದ ಬದುವಿನಲ್ಲಿ ಅಜ್ಜನ ಸಮಾಧಿ ಇದೆ. ಯಾವ ಹಬ್ಬ ಬಂದರೂ ಅವ್ವ ಮೊದಲ ಎಡೆ ಅಲ್ಲಿಗೆ ಒಯ್ಯುತ್ತಾರೆ. ಅದರ ಮೇಲೆ ಕೂತು ನಾವು ಇಸ್ಪೀಟೂ ಆಡಿದ್ದೇವೆ. ಆಗ ಅನ್ನಿಸಿರಲಿಲ್ಲ, ಈಗ ನಿನ್ನನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ಒಂದು ಕಲ್ಲು ಬೇಕು ದೋಸ್ತ. ಸುಟ್ಟ ಮೇಲಾದರೂ ಸರಿ, ಎಲ್ಲಾದರೂ ಸರಿ, ಕನ್ನಡದಲ್ಲಿ ಹೆಸರು ಕೆತ್ತಿರಬೇಕು. ಮೊದಲು ಅಮ್ಮನದು, ಅದರ ಕೆಳಗೆ ನನ್ನದು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಈಗ ಹೆಂಡತಿಯೂ ಇದನ್ನು ಇಲ್ಲೇ ಓದುತ್ತಾಳೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ, ಅಳಿಸುವುದಿಲ್ಲ.

ಡಿಸೆಂಬರಿಗೆ ಬರುತ್ತೇನೆ. ಅವ್ವನಿಗೆ ಹೇಳು, ಶೇಂಗಾ ಹೋಳಿಗೆ ಬೇಕು, ನಿನ್ನ ಪಾಲೂ ನನಗೇ ಬೇಕು. ನಿನ್ನ ಶೂ ಸೈಜು ಬೇಗ ಕಳಿಸು. ಎಂಟೋ ಒಂಬತ್ತೋ ಅಂತ ಅನುಮಾನವಿದ್ದರೆ ಅಂಗಡಿಗೆ ಹೋಗಿ ಕಾಲಿಟ್ಟು ನೋಡಿ ಹೇಳು ಮಾರಾಯ. ಹೋದ ಸಲದ್ದನ್ನು ನಿನ್ನ ತಮ್ಮ ಇನ್ನೂ ಹಾಕಿಕೊಂಡು ತಿರುಗುತ್ತಿದ್ದಾನಂತೆ.

ನಿನ್ನ,
ರೂಮ್ ಪಾರ್ಟ್ನರ್